ಹದಿನಾಲ್ಕನೇ ದಿನದ ಲೆಕ್ಕ ಮತ್ತು ರಾಮನಗರದ ಮಣಿಸರ

ರಾಮನಗರವೆಂದರೆ ನಮಗೆ ರೇಷ್ಮೆಗೂಡಿನ ಮಾರುಕಟ್ಟೆ, ‘ಶೋಲೆ’ ಚಿತ್ರೀಕರಣವಾದ ಬಂಡೆಗಳು. ಕುಟುಂಬ ಯೋಜನೆಯ ಚರಿತ್ರೆ ಓದುವವರಿಗೆ ಮಾತ್ರ ಈ ಊರು ನೆನಪಾಗುವುದು ಒಂದು ಮಣಿಸರದಿಂದ. 1930ರಷ್ಟು ಹಿಂದೆಯೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ಕಿಗೆ ಒಪ್ಪಿಗೆ ಕೊಟ್ಟಿದ್ದ ಮೈಸೂರು ಸೀಮೆಯಲ್ಲಿ, 1952ರಿಂದ ಒಂದೆರಡು ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನೊಂದಿಗೆ ಒಂದು ಪ್ರಯೋಗ ನಡೆಯಿತು. ಅದು ನಡೆದ ಎರಡು ಜಾಗಗಳಲ್ಲಿ ಒಂದು ರಾಮನಗರ, ಇನ್ನೊಂದು ದೆಹಲಿಯ ಲೋದಿ ಕಾಲೊನಿ. ಆಗಿನ ಕೇಂದ್ರ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್ ಅಪ್ಪಟ ಗಾಂಧೀವಾದಿ. ಗರ್ಭನಿರೋಧಕ ಸಾಧನಗಳು ಬೇಡ, ದಿನ ನೋಡಿ ಸಂಯಮದಿಂದಿರುವ ದಾರಿ ಸಾಕು ಎಂಬುದು ಅವರ ನಿಲುವು. ಅಮೆರಿಕದಿಂದ ಬಂದ ವೈದ್ಯ ಅಬ್ರಹಾಂ ಸ್ಟೋನ್ ಹೆಂಗಸರ ಕೈಗೆ ಬಣ್ಣದ ಮಣಿಗಳ ಸರ ಕೊಡಿಸಿದರು. ದಿನಕ್ಕೊಂದು ಮಣಿ ಸರಿಸಬೇಕು. ಒಂದು ಬಣ್ಣ ಬಂದರೆ ಗಂಡ ಹೆಂಡತಿ ಸೇರಬಹುದು, ಇನ್ನೊಂದು ಬಂದರೆ ದೂರವಿರಬೇಕು. ಮಣಿ ಸರಿಸಲು ಮರೆತವರಿದ್ದರು, ದೀಪವಿಲ್ಲದ ಮನೆಯಲ್ಲಿ ಬಣ್ಣ ಕಾಣದೆ ಪೇಚಾಡಿದವರಿದ್ದರು, ಸರ ಹಾಕಿಕೊಂಡರೆ ಸಾಕು, ಅದೇ ಕಾಯುತ್ತದೆ ಎಂದು ನಂಬಿದವರೂ ಇದ್ದರು ಎಂದು ಆ ಪ್ರಯೋಗದ ಬಗ್ಗೆ ಬರೆದವರು ಹೇಳುತ್ತಾರೆ. ಕೊನೆಯವರೆಗೆ ಲೆಕ್ಕ ತಪ್ಪದೆ ನಡೆದವರು ತೀರಾ ಕಡಿಮೆ. ಪ್ರಯೋಗ ಸೋತಿತು.

ಮಗು ಬೇಡವೆನ್ನುವವರ ಈ ಕತೆ ಮಗು ಬೇಕೆನ್ನುವವರಿಗೆ ಯಾಕೆ ಎಂದು ಕೇಳಬಹುದು. ಇವತ್ತು ಮಗುವಿಗಾಗಿ ಕಾಯುತ್ತಿರುವ ದಂಪತಿ ಮೊಬೈಲಿನಲ್ಲಿ ನೋಡುವ ಲೆಕ್ಕದ ಬೇರು ಇಲ್ಲೇ ಇದೆ. ಆ ಬೇರು ಹುಡುಕಿದರೆ ಸಿಗುವವರು ಜಪಾನಿನ ನೀಗಾಟದ ಸ್ತ್ರೀರೋಗ ತಜ್ಞ ಓಗಿನೊ ಕ್ಯುಸಾಕು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ ಹೆಂಗಸರ ಅಂಡಾಶಯವನ್ನು ಕಣ್ಣಾರೆ ನೋಡಿ, ಅವರ ಮುಟ್ಟಿನ ದಿನಗಳ ಜೊತೆ ತಾಳೆ ಹಾಕಿ, 1924ರಲ್ಲಿ ಅವರು ಹೇಳಿದ್ದಿಷ್ಟು: ಅಂಡಾಣು ಬಿಡುಗಡೆಯಾಗುವುದು ಮುಂದಿನ ಮುಟ್ಟಿಗೆ 12ರಿಂದ 16 ದಿನ ಮೊದಲು. ಅಂದರೆ ಲೆಕ್ಕ ಹಾಕಬೇಕಾದ್ದು ಹಿಂದಿನ ಮುಟ್ಟಿನಿಂದ ಮುಂದಕ್ಕಲ್ಲ, ಮುಂದಿನ ಮುಟ್ಟಿನಿಂದ ಹಿಂದಕ್ಕೆ. ಆಸ್ಟ್ರಿಯಾದ ಹರ್ಮನ್ ಕ್ನಾಸ್ ಕೂಡ ಸ್ವತಂತ್ರವಾಗಿ ಇಂಥದೇ ತೀರ್ಮಾನಕ್ಕೆ ಬಂದರು. ಕ್ಯಾಥೊಲಿಕ್ ಜಗತ್ತು ಇದನ್ನು ಗರ್ಭ ತಡೆಯುವ ಉಪಾಯವಾಗಿ ಎತ್ತಿಕೊಂಡಿತು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್ ಸೂಲಗಿತ್ತಿಯರಿಗೆ ಮಾಡಿದ ಭಾಷಣದಲ್ಲಿ ತಕ್ಕ ಕಾರಣವಿದ್ದರೆ ಇದು ಸಲ್ಲುತ್ತದೆ ಎಂದರು. ಓಗಿನೊಗೆ ಮಾತ್ರ ತನ್ನ ಲೆಕ್ಕ ಗರ್ಭ ತಡೆಯಲು ಬಳಕೆಯಾದದ್ದು ಹಿಡಿಸಲಿಲ್ಲ. ತಡೆಯಲು ಅದನ್ನು ನೆಚ್ಚಬೇಡಿ, ಮಗು ಬೇಕಾದವರಿಗೆ ನೆರವಾಗಲಿ ಎಂಬುದೇ ಅವರ ಆಸೆಯಾಗಿತ್ತು. ಆದರೆ ಮುಂದಿನ ಮುಟ್ಟು ಯಾವಾಗ ಎಂದು ಮೊದಲೇ ಗೊತ್ತಿಲ್ಲದಿದ್ದರೆ ಹಿಂದಕ್ಕೆ ಎಣಿಸುವುದು ಎಲ್ಲಿಂದ? ಈ ತೊಡಕನ್ನು ಮರೆತು ನಮ್ಮಲ್ಲಿ ಬಾಯಿಪಾಠವಾದದ್ದು ‘ಮುಟ್ಟಾಗಿ ಹದಿನಾಲ್ಕನೇ ದಿನ’ ಎಂಬ ಸೂತ್ರ.

ರಾಮನಗರದ ಮಣಿಸರಕ್ಕೆ ಅರ್ಧ ಶತಮಾನದ ಬಳಿಕ ಮರುಹುಟ್ಟು ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಹೊಸ ಸರ ಭಾರತಕ್ಕೆ ‘ಮಾಲಾಚಕ್ರ’ ಎಂಬ ಹೆಸರಿನಲ್ಲಿ ಬಂದಿತು. ಮೂವತ್ತೆರಡು ಮಣಿ. ಮುಟ್ಟಿನ ಮೊದಲ ದಿನಕ್ಕೆ ಕೆಂಪು, ಗರ್ಭ ನಿಲ್ಲಬಹುದಾದ ದಿನಗಳಿಗೆ ಬಿಳಿ, ಉಳಿದವು ಕಂದು. ಬಿಳಿ ಮಣಿಗಳು ಕತ್ತಲಲ್ಲಿ ಮಿನುಗುತ್ತವೆ! ದೀಪವಿಲ್ಲದ ಮನೆಯ ಪೇಚಾಟಕ್ಕೆ ಯಾರೋ ಕೊನೆಗೂ ಉತ್ತರ ಕಂಡುಕೊಂಡಿದ್ದರು. ನನಗೆ ಮುಖ್ಯವೆನಿಸುವುದು ಬಿಳಿ ಮಣಿಗಳ ಸಂಖ್ಯೆ. ಅವು ಹನ್ನೆರಡು, ಎಂಟನೇ ದಿನದಿಂದ ಹತ್ತೊಂಬತ್ತನೇ ದಿನದವರೆಗೆ. ಒಂದು ತಿಂಗಳಲ್ಲಿ ಗರ್ಭ ನಿಲ್ಲಲು ಸಾಧ್ಯವಿರುವುದು ಸುಮಾರು ಆರು ದಿನ. ಆ ಆರು ಯಾವುವು ಎಂದು ಖಚಿತವಾಗಿ ಹೇಳಲಾಗದ್ದರಿಂದಲೇ ಸರ ಮಾಡಿದವರು ಹನ್ನೆರಡು ದಿನಗಳನ್ನು ಬಿಳಿ ಮಾಡಿದರು. ಅದೂ 26ರಿಂದ 32 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾತ್ರ ಎಂದು ಷರತ್ತು ಹಾಕಿದರು. ಬರೀ ತಾರೀಖು ತುಂಬಿಸಿಕೊಂಡು ‘ನಿಮ್ಮ ದಿನ ಇಂದೇ’ ಎಂದು ಗಂಟೆ ಬಾರಿಸುವ ಆ್ಯಪ್‌ಗಿಂತ ಈ ಪ್ಲಾಸ್ಟಿಕ್ ಸರ ಪ್ರಾಮಾಣಿಕ.

ಆ ಆರು ದಿನದ ಲೆಕ್ಕಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು ಗರ್ಭಧಾರಣೆಗೆ ಪ್ರಯತ್ನಿಸುತ್ತಿದ್ದ 221 ಹೆಂಗಸರ ಮೂತ್ರವನ್ನು ದಿನವೂ ಪರೀಕ್ಷಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಡಾಣು ಬಿಡುಗಡೆಯಾಗುವ ದಿನ ಮತ್ತು ಅದಕ್ಕೂ ಹಿಂದಿನ ಐದು ದಿನಗಳಲ್ಲಿ ಕೂಡಿದರೆ ಮಾತ್ರ ಗರ್ಭ ನಿಂತಿತು. ಅಂಡಾಣುವಿನ ಆಯುಸ್ಸು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹೆಣ್ಣಿನ ದೇಹದಲ್ಲಿ ಐದು ದಿನದವರೆಗೂ ಬದುಕಬಲ್ಲದು. ಹಾಗಾಗಿ ವೀರ್ಯಾಣು ಮೊದಲೇ ಬಂದು ಕಾಯುತ್ತಿರಬೇಕು. ಅದೇ ತಂಡ 2000ದಲ್ಲಿ ಇನ್ನೊಂದು ಮಾತು ಸೇರಿಸಿತು: ಗರ್ಭ ನಿಲ್ಲಬಹುದಾದ ದಿನಗಳೆಲ್ಲವೂ ಪುಸ್ತಕದಲ್ಲಿ ಹೇಳುವಂತೆ 10ರಿಂದ 17ನೇ ದಿನದೊಳಗೇ ಬರುವುದು ಸುಮಾರು ಶೇ 30ರಷ್ಟು ಹೆಂಗಸರಲ್ಲಿ ಮಾತ್ರ. ಉಳಿದವರಲ್ಲಿ ಕೆಲವರಿಗೆ ಬೇಗ, ಕೆಲವರಿಗೆ ತಡ. ಹದಿನಾಲ್ಕನೇ ರಾತ್ರಿಗೆಂದು ಎರಡು ವಾರ ಮಲಗುವ ಕೋಣೆಗೆ ಬೀಗ ಹಾಕುವವರು ತಮ್ಮ ಅವಕಾಶವನ್ನು ತಾವೇ ಕಳೆದುಕೊಳ್ಳುತ್ತಿರಬಹುದು. ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಹೇಳುವುದು ಸರಳ: ಎರಡು ಮೂರು ದಿನಕ್ಕೊಮ್ಮೆ ಕೂಡಿ. ಹಾಗೆ ಮಾಡಿದರೆ ಆ ಆರು ದಿನ ತಿಂಗಳಲ್ಲಿ ಎಲ್ಲೇ ಬಂದರೂ ತಪ್ಪಿಹೋಗುವುದಿಲ್ಲ, ಎಣಿಸುವ ಕೆಲಸವೂ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಳೆಯದು: ಮೇಲಿಂದ ಮೇಲೆ ಕೂಡಿದರೆ ವೀರ್ಯದ ಸತ್ವ ಹೋಗುವುದಿಲ್ಲವೇ, ಕೂಡಿಟ್ಟರೆ ಬಲ ಹೆಚ್ಚುವುದಿಲ್ಲವೇ? ಇಲ್ಲ. ಸುಮಾರು ಹತ್ತು ಸಾವಿರ ವೀರ್ಯ ಮಾದರಿಗಳನ್ನು ನೋಡಿದ ಅಧ್ಯಯನವೊಂದರಲ್ಲಿ, ಆರೋಗ್ಯವಂತ ಗಂಡಸರಲ್ಲಿ ದಿನವೂ ಸ್ಖಲನವಾದರೂ ವೀರ್ಯಾಣುಗಳ ಸಾಂದ್ರತೆ, ಚಲನೆ ಸಹಜ ಮಟ್ಟದಲ್ಲೇ ಇದ್ದವು. ಬಹುದಿನ ತಡೆದಿಟ್ಟರೆ ಸತ್ವ ಕುಗ್ಗುವುದೇ ಹೆಚ್ಚು. ಎರಡನೇ ಆಕ್ಷೇಪ ಹೊಸದು ಮತ್ತು ನ್ಯಾಯವಾದದ್ದು: ಔಷಧಿ ಅಂಗಡಿಯಲ್ಲಿ ಸಿಗುವ ಅಂಡೋತ್ಪತ್ತಿ ಕಿಟ್ ಯಾತಕ್ಕಿದೆ? ಅದು ಮೂತ್ರದಲ್ಲಿ ಎಲ್‌ಎಚ್ ಹಾರ್ಮೋನು ಏರಿದ್ದನ್ನು ತೋರಿಸುತ್ತದೆ, ಅಂದರೆ ಅಂಡಾಣು ಬಿಡುಗಡೆಗೆ ಒಂದೂವರೆ ದಿನದೊಳಗಿನ ಮುನ್ಸೂಚನೆ. ಅದರಿಂದ ಸ್ವಲ್ಪ ಪ್ರಯೋಜನ ಆಗುವ ಸಂಭವವಿದೆ ಎಂದು 2023ರ ಕಾಕ್ರೇನ್ ಪರಾಮರ್ಶೆಯೂ ಹೇಳಿದೆ. ಗಂಡ ಗಲ್ಫಿನಲ್ಲಿದ್ದು ರಜೆಗೆ ಬರುವ ಮನೆಯಲ್ಲಿ, ಇಬ್ಬರಿಗೂ ಬೇರೆ ಬೇರೆ ಪಾಳಿಯ ಕೆಲಸವಿರುವಲ್ಲಿ ಕಿಟ್ ಬಳಸಲಿ. ಪಿಸಿಒಎಸ್ ಎಂಬ ಹಾರ್ಮೋನು ತೊಂದರೆ ಇರುವವರಿಗೆ ಅದು ದಾರಿ ತಪ್ಪಿಸಬಹುದು. ಖರ್ಚಿಲ್ಲದ ಗುರುತೂ ಒಂದಿದೆ: ಅಂಡಾಣು ಬಿಡುಗಡೆ ಹತ್ತಿರವಾದಾಗ ಯೋನಿಸ್ರಾವ ಮೊಟ್ಟೆಯ ಬಿಳಿಯಂತೆ ತಿಳಿಯಾಗಿ, ಜಾರುವಂತೆ, ಎಳೆದರೆ ಎಳೆಯಾಗುವಂತೆ ಇರುತ್ತದೆ. ಅದು ಕಂಡ ದಿನಗಳನ್ನು ಬಿಡಬೇಡಿ. ಕೂಡಿದ ಮೇಲೆ ಕಾಲು ಮೇಲೆತ್ತಿ ಅರ್ಧ ಗಂಟೆ ಮಲಗಬೇಕು, ಇಂಥ ಭಂಗಿಯೇ ಆಗಬೇಕು ಎಂಬುದಕ್ಕೆಲ್ಲ ಆಧಾರವಿಲ್ಲ.

ತಿಂಗಳ ದಿನ ಎಣಿಸುವುದನ್ನು ಬಿಟ್ಟು ವರ್ಷದ ಲೆಕ್ಕ ಹಿಡಿಯಿರಿ ಎಂಬುದೇ ನನ್ನ ವಾದದ ತಿರುಳು. ಹೆಂಡತಿಯ ವಯಸ್ಸು 40ಕ್ಕಿಂತ ಕಡಿಮೆಯಿದ್ದು ನಿಯಮಿತವಾಗಿ ಕೂಡುವ ದಂಪತಿಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒಂದು ವರ್ಷದೊಳಗೆ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಅರ್ಧದಷ್ಟು ಮಂದಿಗೆ ಎರಡನೇ ವರ್ಷದಲ್ಲಿ. ಅತ್ಯಂತ ಅನುಕೂಲದ ದಿನ ಕೂಡಿದರೂ ಆ ತಿಂಗಳು ಗರ್ಭ ನಿಲ್ಲುವ ಸಾಧ್ಯತೆ ವಿಲ್ಕಾಕ್ಸ್ ಲೆಕ್ಕದಲ್ಲಿ ಮೂರರಲ್ಲಿ ಒಂದು ಮಾತ್ರ. ಮದುವೆಯಾಗಿ ಮೂರು ತಿಂಗಳಿಗೆ ‘ಏನಾದರೂ ವಿಶೇಷವಾ?’ ಎಂದು ಕೇಳುವ ಅತ್ತೆ, ಚಿಕ್ಕಮ್ಮಂದಿರಿಗೆ ಈ ಅಂಕಿ ಗೊತ್ತಿದ್ದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಉಳಿಯುತ್ತಿತ್ತು. ಹಾಗೆಂದು ಎಲ್ಲರೂ ವರ್ಷ ಕಾಯಬೇಕಿಲ್ಲ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು, 40 ದಾಟಿದ್ದರೆ ಕಾಯುವುದೇ ಬೇಡ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ ಬರುತ್ತಿದ್ದರೆ, ಮುಟ್ಟಿನ ನೋವು ವಿಪರೀತವಿದ್ದರೆ, ಹಿಂದೆ ಕಿಬ್ಬೊಟ್ಟೆಯ ಸೋಂಕು ಅಥವಾ ಕ್ಷಯ ಬಂದಿದ್ದರೆ, ಗಂಡನಿಗೆ ದೊಡ್ಡವನಾದ ಮೇಲೆ ಮಂಗನಬಾವು ಬಂದು ವೃಷಣ ಊದಿದ್ದರೆ ಪ್ರಯತ್ನದ ಆರಂಭದಲ್ಲೇ ವೈದ್ಯರನ್ನು ಕಾಣಬೇಕು.

ಕಂಡಾಗ ಯಾರನ್ನು ಮೊದಲು ಪರೀಕ್ಷಿಸುತ್ತಾರೆ ಎಂಬುದರಲ್ಲಿ ನಮ್ಮ ಅನ್ಯಾಯವೆಲ್ಲ ಬಯಲಾಗುತ್ತದೆ. ಹೆಂಡತಿಗೆ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಫಾಲಿಕ್ಯುಲರ್ ಸ್ಟಡಿ, ಗರ್ಭನಾಳಕ್ಕೆ ಬಣ್ಣ ಹಾಯಿಸಿ ಎಕ್ಸ್‌ರೇ ಎಲ್ಲ ಮುಗಿದ ಮೇಲೆ ಗಂಡನ ಸರದಿ. ತೊಂದರೆಯಿರುವ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಸಿನ ಪಾಲೂ ಇರುತ್ತದೆ. ಆದರೂ ಎರಡರಿಂದ ಏಳು ದಿನ ತಡೆದಿದ್ದು ಒಂದು ಡಬ್ಬಿಯಲ್ಲಿ ಮಾದರಿ ಕೊಡುವ ಪರೀಕ್ಷೆ ಕೊನೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣುವನ್ನು ಕೆಳಗಿನ ಗುರುತಾಗಿ ಇಟ್ಟುಕೊಂಡಿದೆ. ಅದಕ್ಕಿಂತ ಕಡಿಮೆಯಾದರೆ ಬಾಗಿಲು ಮುಚ್ಚಿತೆಂದಲ್ಲ, ಪರೀಕ್ಷೆ ಇನ್ನೊಮ್ಮೆ ಮಾಡಿಸಬೇಕೆಂದು. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಹೋದ ತಿಂಗಳ ವಿಷಮಜ್ವರದ ಪರಿಣಾಮ ಈ ತಿಂಗಳ ವರದಿಯಲ್ಲಿ ಕಾಣಬಹುದು, ಇವತ್ತು ಗುಟ್ಕಾ, ಸಿಗರೇಟು ಬಿಟ್ಟರೆ ಫಲ ಕಾಣಲು ಮೂರು ತಿಂಗಳು ಬೇಕು. ವೃಷಣಗಳಿಗೆ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪು ಬೇಕಾದ್ದರಿಂದ ಬಾಯ್ಲರ್, ಭಟ್ಟಿ, ಕುಲುಮೆಗಳ ಮುಂದೆ ದುಡಿಯುವವರು ಅದನ್ನು ವೈದ್ಯರಿಗೆ ಹೇಳಬೇಕು. ಮೈಕಟ್ಟಿಗೆಂದು ಜಿಮ್ಮಿನಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೊಸ್ಟಿರಾನ್ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು. ‘ನನಗೇನೂ ತೊಂದರೆ ಇಲ್ಲ, ಎಲ್ಲ ಸರಿಯಾಗಿಯೇ ಇದೆ’ ಎನ್ನುವ ಗಂಡಸರು ಲೈಂಗಿಕ ಸಾಮರ್ಥ್ಯವನ್ನೂ ವೀರ್ಯಾಣು ಸಂಖ್ಯೆಯನ್ನೂ ಒಂದೆಂದು ತಿಳಿದಿರುತ್ತಾರೆ. ಎರಡಕ್ಕೂ ಸಂಬಂಧವಿಲ್ಲ.

ಗರ್ಭ ನಿಲ್ಲುವ ಮೊದಲೇ ಆಗಬೇಕಾದ ಕೆಲವು ಕೆಲಸಗಳೂ ಇವೆ. ಮಗುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭಾಂಕುರವಾದ ನಾಲ್ಕು ವಾರದೊಳಗೆ. ಮುಟ್ಟು ತಪ್ಪಿತೆಂದು ತಿಳಿದು ಆಸ್ಪತ್ರೆಗೆ ಹೋಗುವಷ್ಟರಲ್ಲಿ ಆ ಹೊತ್ತು ಮೀರಿರುತ್ತದೆ. ಅದಕ್ಕೇ ದಿನಕ್ಕೆ 400 ಮೈಕ್ರೊಗ್ರಾಂ ಫೋಲಿಕ್ ಆಸಿಡ್ ಪ್ರಯತ್ನ ಆರಂಭಿಸುವಾಗಲೇ ಶುರುವಾಗಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ, ಮೂರ್ಛೆರೋಗದ ಮಾತ್ರೆ ನುಂಗುವವರಿಗೆ ವೈದ್ಯರು ಹೆಚ್ಚು ಬರೆದುಕೊಡುತ್ತಾರೆ. ಥೈರಾಯ್ಡ್, ಸಕ್ಕರೆ, ರಕ್ತಹೀನತೆ ಪರೀಕ್ಷಿಸಿಕೊಳ್ಳಿ. ರುಬೆಲ್ಲಾ ಲಸಿಕೆ ಬೇಕಾದರೆ ಹಾಕಿಸಿಕೊಂಡು ಒಂದು ತಿಂಗಳು ಕಾಯಿರಿ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿ ನಮ್ಮಲ್ಲಿ ಇನ್ನೂ ಇರುವುದರಿಂದ, ಅಂಥ ದಂಪತಿ ಆನುವಂಶಿಕ ಸಲಹೆ ಕೇಳುವುದು ಒಳ್ಳೆಯದು.

ಕೊನೆಯ ಆಕ್ಷೇಪ ಹರಕೆಯ ಮನೆಯಿಂದ ಬರುತ್ತದೆ: ದೇವರು ಕೊಟ್ಟಾಗ ಕೊಡುತ್ತಾನೆ, ಇಷ್ಟೆಲ್ಲ ಯಾಕೆ? ನಾಗರಪ್ರತಿಷ್ಠೆ ಮಾಡಿಸುವವರು ಮಾಡಿಸಲಿ, ಅಶ್ವತ್ಥಕಟ್ಟೆ ಸುತ್ತುವವರು ಸುತ್ತಲಿ. ಅದರಿಂದ ಪರೀಕ್ಷೆಗೇನೂ ಅಡ್ಡಿಯಿಲ್ಲ. ಅಡ್ಡಿಯಾಗುವುದು ಹರಕೆ ತೀರಲೆಂದು ಚಿಕಿತ್ಸೆಯನ್ನು ವರ್ಷಗಟ್ಟಲೆ ಮುಂದೂಡಿದಾಗ. ಮೂವತ್ತೈದರ ನಂತರ ಅಂಡಾಣುಗಳ ಸಂಖ್ಯೆ, ಗುಣ ಎರಡೂ ಬೇಗ ಇಳಿಯುತ್ತವೆ. ಕೈತಪ್ಪಿದ ಆ ವರ್ಷಗಳನ್ನು ಐವಿಎಫ್ ಕೂಡ ಪೂರ್ತಿ ತುಂಬಿಕೊಡಲಾರದು. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲೇಬೇಕೆಂದಿದ್ದರೆ ಹದಿನಾಲ್ಕನೇ ದಿನಕ್ಕೆ ಹಾಕಬೇಡಿ. ಪ್ರಯತ್ನ ಶುರುವಾದ ದಿನಕ್ಕೊಂದು, ವಯಸ್ಸು ನೋಡಿಕೊಂಡು ಆರು ತಿಂಗಳಿಗೋ ಹನ್ನೆರಡಕ್ಕೋ ಇನ್ನೊಂದು ಹಾಕಿ. ಎರಡನೇ ಗುರುತಿನ ದಿನ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋಗಿ, ಚೀಟಿಯನ್ನು ಇಬ್ಬರ ಹೆಸರಿನಲ್ಲೂ ಬರೆಸಿ.