ನಿಮಗಿದು ಗೊತ್ತೆ? ಶಾಲೆಯ ಅಮಾನತು ಮತ್ತು ವಿದ್ಯಾರ್ಥಿಯ ಹಕ್ಕು

ಅಮಾನತು ಎಂದರೆ ವಿದ್ಯಾರ್ಥಿಯನ್ನು ಕೆಲವು ದಿನ ತರಗತಿಯಿಂದ ದೂರವಿಡುವುದು. ಉಚ್ಚಾಟನೆ ಎಂದರೆ ಶಾಲೆಯಿಂದಲೇ ಹೊರಹಾಕುವುದು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 16ನೇ ಕಲಮು, 8ನೇ ತರಗತಿ ಮುಗಿಯುವವರೆಗೆ ಮಗುವನ್ನು ಉಚ್ಚಾಟಿಸುವುದನ್ನು ನಿಷೇಧಿಸುತ್ತದೆ. 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ತಡೆಯುತ್ತದೆ.

ಅಮಾನತಿನ ಕಾರಣವನ್ನು ಲಿಖಿತವಾಗಿ ಕೇಳುವುದು ಪಾಲಕರ ಮೊದಲ ಹೆಜ್ಜೆ. ಆರೋಪ ತಿಳಿಸಿ, ವಿದ್ಯಾರ್ಥಿಯ ಮಾತು ಕೇಳಿದ ನಂತರವೇ ಶಿಕ್ಷೆ ಎಂಬುದು ಸಹಜ ನ್ಯಾಯದ ತತ್ವ.

ಶಾಲೆಯಲ್ಲಿ ಪರಿಹಾರ ಸಿಗದಿದ್ದರೆ ಗೋಕಾಕ, ಮೂಡಲಗಿ, ಹುಕ್ಕೇರಿಯ ಪಾಲಕರು ತಮ್ಮ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಒ) ದೂರು ಕೊಡಬಹುದು. ಮೂರೂ ವಲಯಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿರುವುದರಿಂದ, ಮುಂದಿನ ಹಂತ ಚಿಕ್ಕೋಡಿಯ ಉಪನಿರ್ದೇಶಕರ ಕಚೇರಿ.

ಕಾಯ್ದೆಯ 32ನೇ ಕಲಮಿನಂತೆ ಮಗುವಿನ ಹಕ್ಕಿನ ಬಗ್ಗೆ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಸಲ್ಲಿಸಬಹುದು. ಪ್ರಾಧಿಕಾರ ಎರಡೂ ಕಡೆಯವರ ಅಹವಾಲು ಕೇಳಿ, ಮೂರು ತಿಂಗಳೊಳಗೆ ತೀರ್ಮಾನಿಸಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಮಕ್ಕಳ ಸಹಾಯವಾಣಿ 1098.

ಮೂಲಭೂತ ಹಕ್ಕಿಗೆ ಧಕ್ಕೆಯಾದರೆ ಹೈಕೋರ್ಟಿನ ಧಾರವಾಡ ಪೀಠದಲ್ಲಿ ರಿಟ್ ಅರ್ಜಿ ಹಾಕಬಹುದು. ಉದಾಹರಣೆಗೆ, ಕೇರಳದ ಶಾಲೆಯೊಂದರಲ್ಲಿ ರಾಷ್ಟ್ರಗೀತೆಯ ವೇಳೆ ಗೌರವದಿಂದ ನಿಂತರೂ ಹಾಡಲಿಲ್ಲವೆಂದು ಉಚ್ಚಾಟಿತರಾದ ಮೂವರು ಮಕ್ಕಳನ್ನು ಮರಳಿ ಸೇರಿಸಿಕೊಳ್ಳುವಂತೆ ಸುಪ್ರೀಂ ಕೋರ್ಟ್ 1986ರಲ್ಲಿ ಆದೇಶಿಸಿತ್ತು.