ಇತ್ತವರ ಹೆಸರು, ಉಂಡವರ ಹೆಸರು

ಹರಿಹರದ ಶ್ರೀ ಹರಿಹರೇಶ್ವರ ದೇವಾಲಯದ ಶಾಸನಶಿಲೆಗಳನ್ನು ಒಮ್ಮೆಯಾದರೂ ನಿಂತು ನೋಡದ ವಿದ್ಯಾವಂತರು ಈ ಸೀಮೆಯಲ್ಲಿ ವಿರಳ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಆ ದೇವಾಲಯವನ್ನು ಕಟ್ಟಿಸಿದನೆಂಬುದೂ, 1268ರಲ್ಲಿ ಸೋಮ ದಂಡನಾಯಕನು ಐದು ನೆಲೆಗಳ ಗೋಪುರವನ್ನು ಎತ್ತಿಸಿದನೆಂಬುದೂ ಆ ಕಲ್ಲುಗಳ ಮಾತಿನಿಂದಲೇ ತಿಳಿದುಬಂದ ಸಂಗತಿಗಳು. ಬಿ. ಎಲ್. ರೈಸ್ ಅವರು 1903ರಲ್ಲಿ ಹೊರತಂದ ಎಪಿಗ್ರಾಫಿಯ ಕರ್ನಾಟಿಕದ 11ನೆಯ ಸಂಪುಟದಲ್ಲಿ ಇವು ಅಚ್ಚಾಗಿವೆ. ಹರಿಹರವು ಆಗ ದಾವಣಗೆರೆ ತಾಲ್ಲೂಕಿಗೆ ಸೇರಿದ್ದುದರಿಂದ, ಇವುಗಳನ್ನು ಹುಡುಕುವವರು ಆ ಸಂಪುಟದಲ್ಲಿ ದಾವಣಗೆರೆಯ ಹೆಸರಿನ ಕೆಳಗೇ ನೋಡಬೇಕು.

ದಾನಶಾಸನದ ಕ್ರಮ ಎಲ್ಲರೂ ಬಲ್ಲದ್ದೇ. ಮೊದಲು ದೇವತಾಸ್ತುತಿ, ಬಳಿಕ ಅರಸನ ವಂಶ, ದಾನಿಯ ಬಿರುದಾವಳಿ, ಕೊಟ್ಟ ಭೂಮಿಯ ಅಳತೆ, ನಾಲ್ಕು ದಿಕ್ಕಿನ ಎಲ್ಲೆ, ಕಡೆಯಲ್ಲಿ ದಾನವನ್ನು ಅಳಿದವನಿಗೆ ಬರುವ ಪಾಪ. ಅಗ್ರಹಾರದ ದತ್ತಿಯಾದರೆ ವೃತ್ತಿ ಪಡೆದ ವಿದ್ವಾಂಸರ ಹೆಸರುಗಳೂ ಗೋತ್ರಸಹಿತವಾಗಿ ಬರುವುದುಂಟು. ಆದರೆ ಆ ಭೂಮಿಯ ಅಕ್ಕಿಯಿಂದ ಅನ್ನ ಉಂಡು ಅಕ್ಷರ ಕಲಿತ ಹುಡುಗನ ಹೆಸರು ಏನು? ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನವು ಆ ಮಠದಲ್ಲಿ ನಡೆಯುತ್ತಿದ್ದ ವೇದ, ವ್ಯಾಕರಣ, ದರ್ಶನಗಳ ಅಧ್ಯಯನವನ್ನೂ, ದೀನರಿಗೂ ರೋಗಿಗಳಿಗೂ ದೊರೆಯುತ್ತಿದ್ದ ಅನ್ನ ಔಷಧಗಳನ್ನೂ ವಿಸ್ತಾರವಾಗಿ ವರ್ಣಿಸುತ್ತದೆ. ಅಷ್ಟು ವಿಸ್ತಾರದ ನಡುವೆಯೂ ಅಲ್ಲಿ ಓದಿದ ಒಬ್ಬ ಬಾಲಕನ ಹೆಸರು ಸಿಕ್ಕುವುದಿಲ್ಲ. ಬಾಲಕಿಯ ಮಾತಂತೂ ದೂರ.

ಉಂಡವರ ಹೆಸರನ್ನು ಬರೆದಿಡುವ ಪದ್ಧತಿ ಬಹುಮಟ್ಟಿಗೆ ಹತ್ತೊಂಬತ್ತನೆಯ ಶತಮಾನದ ವಸತಿಶಾಲೆಗಳಿಂದ ಬಂದದ್ದು. ಊಟ ಹಾಕಿ, ವಸತಿ ಕೊಟ್ಟು, ಪಾಠ ಹೇಳುವ ಶಾಲೆಗೆ ಲೆಕ್ಕ ಬೇಕು. ಲೆಕ್ಕಕ್ಕೆ ತಲೆ ಎಣಿಸಬೇಕು, ಎಣಿಸಿದ ಮೇಲೆ ಹೆಸರು ಬರೆಯಬೇಕು. ಹೀಗೆ ಉಗ್ರಾಣದ ಅವಶ್ಯಕತೆಯಿಂದ ಹುಟ್ಟಿದ ಪುಸ್ತಕಗಳು ಇಂದು ಚರಿತ್ರೆಯ ಆಕರಗಳಾಗಿವೆ. ಹೆಣ್ಣುಮಕ್ಕಳ ವಿಷಯದಲ್ಲಿ ಇವುಗಳ ಬೆಲೆ ಇನ್ನೂ ಹೆಚ್ಚು. ಆಸ್ತಿಪತ್ರದಲ್ಲಾಗಲಿ ಕಂದಾಯದ ವಹಿಯಲ್ಲಾಗಲಿ ಕಾಣಿಸಿಕೊಳ್ಳದ ಹುಡುಗಿ ಶಾಲೆಯ ಪುಸ್ತಕದಲ್ಲಿ ಮಾತ್ರ ಒಂದು ಸಾಲಾಗಿ ಉಳಿದಿರುತ್ತಾಳೆ.

ಇಂಥ ಪುಸ್ತಕಗಳು ಶಿಸ್ತಿನಿಂದ ಉಳಿದುಬಂದಿರುವುದಕ್ಕೆ ಅಮೆರಿಕದ ಒಂದು ಶಾಲೆಯನ್ನು ಹೆಸರಿಸುವುದು ವಾಡಿಕೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ಸೌತ್ ಹ್ಯಾಡ್ಲಿ ಎಂಬ ಹಳ್ಳಿಯಲ್ಲಿ ಮೇರಿ ಲಯನ್ ಎಂಬಾಕೆ 1837ರ ನವೆಂಬರ್ 8ರಂದು ಮೌಂಟ್ ಹೋಲಿಯೋಕ್ ಸ್ತ್ರೀ ವಿದ್ಯಾಲಯವನ್ನು ತೆರೆದಳು. ಮೊದಲಲ್ಲಿ ಬಂದವರು ಸುಮಾರು 80 ಮಂದಿ. ಊಟ, ವಸತಿ, ಬೋಧನೆಗಳೆಲ್ಲ ಸೇರಿ ವರ್ಷಕ್ಕೆ 60 ಡಾಲರ್. ಆಕೆ ಧನಿಕಳಲ್ಲ. ಹಸಿರು ಮಖಮಲ್ಲಿನ ಚೀಲವೊಂದನ್ನು ಹಿಡಿದು ಮನೆಮನೆಗೆ ಹೋಗಿ ಹಣ ಕೂಡಿಸಿದಳು. ಆರು ಸೆಂಟಿನಂಥ ಅಲ್ಪ ಕಾಣಿಕೆಯನ್ನೂ ಆಕೆ ತಿರಸ್ಕರಿಸಲಿಲ್ಲ. ಮನೆಮನೆಯ ಹಿಡಿ ಧಾನ್ಯದಿಂದ ಬೆಳೆದ ವಿದ್ಯಾಸಂಸ್ಥೆಗಳನ್ನು ಕಂಡ ಈ ನಾಡಿನವರಿಗೆ ಇದು ಅಪರಿಚಿತವಾದ ದಾರಿಯಲ್ಲ.

ಶುಲ್ಕ ಕಡಮೆಯಾಗಿರಬೇಕೆಂದು ಮೇರಿ ಲಯನ್ ಮಾಡಿದ ಏರ್ಪಾಡು ಗಮನಾರ್ಹ. ಆಳುಗಳಿಲ್ಲ, ಅಡಿಗೆ, ಗುಡಿಸುವುದು, ಒಗೆಯುವುದು ಎಲ್ಲವನ್ನೂ ವಿದ್ಯಾರ್ಥಿನಿಯರೇ ದಿನಕ್ಕೆ ಸುಮಾರು ಒಂದು ಗಂಟೆಯಂತೆ ಹಂಚಿಕೊಂಡು ಮಾಡಬೇಕು. ಯಾರಿಗೆ ಯಾವ ಕೆಲಸವೆಂಬುದು ನಿಗದಿಯಾಗಿರುತ್ತಿತ್ತು. 1847ರಲ್ಲಿ ಅಲ್ಲಿಗೆ ಸೇರಿ ಮರುವರ್ಷ ಮನೆಗೆ ಮರಳಿದ ಒಬ್ಬ ಹುಡುಗಿಯ ಪಾಲಿಗೆ ಊಟದ ಮೇಜಿನ ಚಾಕುಗಳ ಕೆಲಸ ಬಂದಿತ್ತು: ಹೊತ್ತುಹೊತ್ತಿಗೆ ಚಾಕುಗಳನ್ನು ಒಯ್ಯುವುದು, ತೊಳೆಯುವುದು, ಒರೆಸುವುದು. ಆಕೆಯೇ ಗೆಳತಿಗೆ ಬರೆದ ಪತ್ರದಿಂದ ಇದು ತಿಳಿಯುತ್ತದೆ. ಅದೇ ಶಾಲೆಯಲ್ಲಿ ವಿದ್ಯಾರ್ಥಿನಿಯರನ್ನು ಧರ್ಮಶ್ರದ್ಧೆಗೆ ಅನುಸಾರವಾಗಿ ಮೂರು ಗುಂಪುಗಳಾಗಿ ವಿಂಗಡಿಸುವ ಕ್ರಮವಿತ್ತು. ದೃಢವಾದ ಶ್ರದ್ಧೆಯುಳ್ಳವರು, ಭರವಸೆಯುಳ್ಳವರು, ಭರವಸೆಯಿಲ್ಲದವರು. ಚಾಕು ತೊಳೆದ ಈ ಹುಡುಗಿ ಮೂರನೆಯ ಗುಂಪಿನವಳು. ಹೆಸರು ಎಮಿಲಿ ಡಿಕಿನ್‌ಸನ್. 1886ರಲ್ಲಿ ಆಕೆ ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ದೊರೆತ ನೂರಾರು ಕವಿತೆಗಳು ಆಕೆಯನ್ನು ಅಮೆರಿಕದ ಮಹಾಕವಿಗಳ ಸಾಲಿನಲ್ಲಿ ಕೂರಿಸಿದವು. ಅಧ್ಯಾಪಕರು ಮಕ್ಕಳ ಹೆಸರಿನ ಮುಂದೆ ಬರೆಯುವ ಷರಾಗಳಿಗೆ ಎಷ್ಟು ತೂಕ ಕೊಡಬೇಕೆಂಬುದನ್ನು ಉಪಾಧ್ಯಾಯ ವರ್ಗದವರು ಇಲ್ಲಿ ಒಂದು ಕ್ಷಣ ಯೋಚಿಸಬಹುದು.

ಆ ಶಾಲೆಯ ಅಧ್ಯಾಪಿಕೆಯರು ಇನ್ನೆರಡು ಕೆಲಸ ಮಾಡಿದರು. 1843ರಲ್ಲಿ ಅವರಲ್ಲೊಬ್ಬಳು, ಫಿಡಿಲಿಯಾ ಫಿಸ್ಕ್ ಎಂಬಾಕೆ, ಪರ್ಷಿಯಾ ದೇಶಕ್ಕೆ ಹೋದಾಗ ಆಕೆಗೆ ಶಾಲೆಯ ದಿನಚರಿಯನ್ನು ಪತ್ರರೂಪದಲ್ಲಿ ಬರೆದು ಕಳುಹಿಸಲು ತೊಡಗಿದರು. ಹಲವು ದಶಕ ಸಾಗಿದ ಈ ಪತ್ರಗಳಲ್ಲಿ ಹಬ್ಬ, ಜ್ವರ, ಹಿಮಪಾತ, ಪರೀಕ್ಷೆ, ಸಾವು ಎಲ್ಲವೂ ದಾಖಲಾದವು. ಎರಡನೆಯದಾಗಿ, ಹಳೆಯ ವಿದ್ಯಾರ್ಥಿನಿಯರೇ ಒಂದು ಸ್ಮರಣಸಂಘ ಕಟ್ಟಿಕೊಂಡು, ಓದಿ ಹೋದ ಪ್ರತಿಯೊಬ್ಬಳೂ ಎಲ್ಲಿದ್ದಾಳೆ, ಉಪಾಧ್ಯಾಯಿನಿಯಾದಳೇ, ಮದುವೆಯಾದಳೇ, ತೀರಿಕೊಂಡಳೇ ಎಂಬುದನ್ನು ವಿಚಾರಿಸಿ ಕೆಲವು ವರ್ಷಗಳಿಗೊಮ್ಮೆ ಪಟ್ಟಿ ಅಚ್ಚುಹಾಕಿಸಿದರು. 1896ರ ಸೆಪ್ಟೆಂಬರಿನಲ್ಲಿ ಬೆಂಕಿ ಬಿದ್ದು ಮೂಲಕಟ್ಟಡವೇ ನಾಶವಾಯಿತು. ಹಾಗಿದ್ದೂ ಆ ಶಾಲೆಯ ಮೊದಲ ಹುಡುಗಿಯರ ಬಾಳು ಇಂದಿಗೂ ತಿಳಿಯುವುದಕ್ಕೆ, ಊರೂರಿಗೆ ಹಂಚಿಹೋದ ಪತ್ರಗಳೂ ಅಚ್ಚಾದ ಪಟ್ಟಿಗಳೂ ಬಹುವಾಗಿ ನೆರವಾಗಿವೆ.

ಕನ್ನಡ ನಾಡಿನ ಕಥೆ ಇದಕ್ಕಿಂತ ಹೆಚ್ಚು ಹಿಂದುಳಿದದ್ದಲ್ಲ. ಬೆಂಗಳೂರಿನಲ್ಲಿ ಲಂಡನ್ ಮಿಷನ್ನಿನ ಶ್ರೀಮತಿ ಸೀವೆಲ್ ಮತ್ತು ಶ್ರೀಮತಿ ರೈಸ್ ಅವರು 1840ರಲ್ಲಿ ಕನ್ನಡ ಬಾಲಿಕೆಯರಿಗಾಗಿ ಶಾಲೆ ತೆರೆದರು. 1842ರಲ್ಲಿ ಅದೇ ಮಿಷನ್ನಿನ ಬಾಲಿಕಾ ವಸತಿಶಾಲೆ ಆರಂಭವಾಯಿತು. ಮುಂದೆ ಮಿತ್ರಾಲಯವೆಂದು ಹೆಸರಾದ ಬಾಲಿಕಾ ಪ್ರೌಢಶಾಲೆ ತನ್ನ ಆರಂಭವನ್ನು ಆ ವರ್ಷದಿಂದಲೇ ಎಣಿಸುತ್ತದೆ. ಈ ಶ್ರೀಮತಿ ರೈಸ್ ಬೇರಾರೂ ಅಲ್ಲ, ಹರಿಹರದ ಶಾಸನಗಳನ್ನು ಅಚ್ಚುಹಾಕಿಸಿದ ಬಿ. ಎಲ್. ರೈಸ್ ಅವರ ತಾಯಿ. ಕನ್ನಡ ಸಾಹಿತ್ಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದ ಇ. ಪಿ. ರೈಸ್ ಅವರೂ ಆಕೆಯ ಮಗನೇ. ಹಿರಿಯ ಮಗ ಕಲ್ಲಿನ ಮೇಲಿನ ಅಕ್ಷರಗಳನ್ನು ಹುಡುಕಿ ಜಗತ್ತಿಗೆ ತೋರಿಸಿದರು. ವಿದ್ಯಾ ಇಲಾಖೆಯ ಅಧಿಕಾರಿಯಾಗಿ 1868ರ ಹೋಬಳಿ ಶಾಲೆಗಳ ಯೋಜನೆಯನ್ನೂ ನಡೆಸಿದರು. ತಾಯಿಯ ಕೈಕೆಳಗೆ ಅಕ್ಷರ ತಿದ್ದಿದ ಕನ್ನಡದ ಹುಡುಗಿಯರನ್ನು ಹುಡುಕುವ ಕೆಲಸ ಮಾತ್ರ ಅಷ್ಟು ಸುಲಭವಲ್ಲ.

ಕಾರಣವಿದೆ. ಮಿಷನ್ನಿನವರು ಬರೆದ ಪತ್ರಗಳು ಇಂದು ಲಂಡನ್ ವಿಶ್ವವಿದ್ಯಾನಿಲಯದ ಪ್ರಾಚ್ಯ ಮತ್ತು ಆಫ್ರಿಕಾ ಅಧ್ಯಯನ ಶಾಲೆಯ ಗ್ರಂಥಭಂಡಾರದಲ್ಲಿ ಕನ್ನಡ ಪ್ರಾಂತ್ಯದ್ದೆಂದು ಬೇರೆಯೇ ವಿಂಗಡಿಸಲ್ಪಟ್ಟಿವೆ. ಆದರೆ ಆ ಪತ್ರಗಳು ಹುಡುಗಿಯರನ್ನು ಉದ್ದೇಶಿಸಿ ಬರೆದವಲ್ಲ, ಹಣ ಕಳುಹಿಸುವವರನ್ನು ಉದ್ದೇಶಿಸಿ ಬರೆದವು. ದಾನಿಗೆ ಸಂತೋಷವಾಗಬೇಕಾದ ಸಂಗತಿ ಅಲ್ಲಿ ವಿಸ್ತಾರವಾಗಿರುತ್ತದೆ, ಆಗಬಾರದ್ದು ಸಂಕ್ಷೇಪವಾಗಿರುತ್ತದೆ. ಚೆನ್ನಾಗಿ ಓದಿದ ಹುಡುಗಿಗೆ ಒಂದು ಪುಟ ಸಿಕ್ಕರೆ, ಅರ್ಧದಲ್ಲಿ ಬಿಟ್ಟುಹೋದವಳಿಗೆ ಒಂದು ಅಂಕಿ ಸಿಗುತ್ತದೆ.

ಈ ದೋಷ ಒಂದು ಮಿಷನ್ನಿನದಲ್ಲ. ಅಮೆರಿಕದ ಮೆಥಡಿಸ್ಟ್ ಮಹಿಳೆಯರು 1869ರಲ್ಲಿ ಬಾಸ್ಟನ್ನಿನಲ್ಲಿ ಒಂದು ಸಂಘ ಕಟ್ಟಿ, ಸದಸ್ಯೆಯೊಬ್ಬಳಿಗೆ ವಾರಕ್ಕೆ ಎರಡು ಸೆಂಟಿನಂತೆ ಕೂಡಿಸಿ ಹಿಂದೂದೇಶದ ಬಾಲಿಕಾಶಾಲೆಗಳಿಗೆ ಕಳುಹಿಸತೊಡಗಿದರು. ಕನ್ನಡ ನಾಡಿಗೂ ಅವರ ಕೈ ಚಾಚಿತು. 1876ರಿಂದ 1878ರವರೆಗಿನ ಧಾತು ಈಶ್ವರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಅನುಭವಿಸಿದ ಹಾನಿಯನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಒಳಗೆ ಇಳಿಯಿತು. ಕೋಲಾರದಲ್ಲಿ ಕುಮಾರಿ ಆನ್ಸ್ಟೆ ಎಂಬ ಆಂಗ್ಲ ಮಹಿಳೆ ಕ್ಷಾಮದ ಅನಾಥ ಮಕ್ಕಳನ್ನು ಸಾಕಿದಳು. 1890ರಲ್ಲಿ ಆಕೆಯ ಅನಾಥಾಲಯ ಅಮೆರಿಕದ ಮೆಥಡಿಸ್ಟರ ವಶಕ್ಕೆ ಬಂದಿತು. ಆ ಸಭೆಯವರ ದಫ್ತರಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾನಿಲಯದ ಆವರಣದಲ್ಲಿ ಇವೆ. ಕೋಲಾರದ ಅನಾಥ ಮಗುವಿನ ಸುದ್ದಿಯನ್ನು ತಿಳಿಯಬೇಕಾದವರು ಸಮುದ್ರ ದಾಟಬೇಕು!

ಹೆಸರಿನ ವಿಷಯದಲ್ಲಿ ಇನ್ನೊಂದು ತೊಡಕು. ಸಿಂಹಳದ ಉಡುವಿಲ್‌ನಲ್ಲಿ ಅಮೆರಿಕದವರು 1824ರಲ್ಲಿ ತೆರೆದ ಬಾಲಿಕಾ ವಸತಿಶಾಲೆಯಂಥ ಕಡೆಗಳಲ್ಲಿ, ಒಂದು ಮಗುವಿನ ಖರ್ಚನ್ನು ವಹಿಸಿಕೊಂಡ ದಾನಿ ತನ್ನ ಇಚ್ಛೆಯ ಹೆಸರನ್ನು ಆ ಮಗುವಿಗೆ ಇಡಿಸಬಹುದಾಗಿತ್ತು. ತಮಿಳು ಹುಡುಗಿ ದಾಖಲೆಯಲ್ಲಿ ನ್ಯೂ ಇಂಗ್ಲೆಂಡಿನ ಯಾವುದೋ ಗೃಹಿಣಿಯ ಹೆಸರು ಹೊತ್ತಿರುತ್ತಾಳೆ. ಶಾಸನದಲ್ಲಿ ಉಂಡವರ ಹೆಸರಿರಲಿಲ್ಲ. ಇಲ್ಲಿ ಉಂಡವಳ ಹೆಸರಿನ ಜಾಗದಲ್ಲಿಯೂ ಇತ್ತವಳ ಹೆಸರೇ ಕುಳಿತಿತು. ಆದ್ದರಿಂದ ವರದಿಗಳಿಗಿಂತ ಅಡಿಗೆಮನೆಯ ಲೆಕ್ಕಗಳೇ ಹೆಚ್ಚು ನಂಬಿಕೆಗೆ ಅರ್ಹವೆಂದು ಬಲ್ಲವರು ಭಾವಿಸುತ್ತಾರೆ. ರಾಗಿ ಎಷ್ಟು, ಎಣ್ಣೆ ಎಷ್ಟು, ಸೀರೆ ಎಷ್ಟು ಎಂದು ಬರೆಯುವ ಕೈಗೆ ಯಾರನ್ನೂ ಮೆಚ್ಚಿಸುವ ಹಂಗಿಲ್ಲ.

ಉಳಿದ ಪುಸ್ತಕವನ್ನೂ ಓದುವವರು ಬೇಕು. ಮಂಗಳೂರು, ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ದುಡಿದ ಬಾಸೆಲ್ ಮಿಷನ್ನಿನ ಕಾಗದಗಳು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸುರಕ್ಷಿತವಾಗಿವೆ; ಅವುಗಳಲ್ಲಿ ಹಲವು ಹಳೆಯ ಜರ್ಮನ್ ಕೈಬರಹದಲ್ಲಿದ್ದು, ಇಂದಿನ ಜರ್ಮನರೇ ಅದನ್ನು ಕಲಿತಲ್ಲದೆ ಓದಲಾರರು. ತುಂಗಭದ್ರೆಯ ಎರಡು ದಂಡೆಗಳಲ್ಲೂ ಮನೆಮನೆಯ ಪೆಟ್ಟಿಗೆಗಳಲ್ಲಿರುವ ಮೋಡಿ ಲಿಪಿಯ ಲೆಕ್ಕಗಳದೂ ಇದೇ ಅವಸ್ಥೆ. ಈಗ ಕಚೇರಿಗಳಲ್ಲಿ ಕಾಗದದ ಕಟ್ಟಿಗೆಲ್ಲ ಕಡತವೆನ್ನುತ್ತಾರೆ. ಹುಣಿಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಪುಸ್ತಕವೇ ನಿಜವಾದ ಕಡತ. ಒದ್ದೆ ಕೈ ತಾಗಿದರೆ ಅಕ್ಷರ ಅಳಿಯುತ್ತಿತ್ತು, ಆದರೂ ಹಿರಿಯರು ಅದನ್ನು ತಲೆಮಾರುಗಳವರೆಗೆ ಕಾಪಾಡಿದರು.

ಇಪ್ಪತ್ತನೆಯ ಶತಮಾನದಲ್ಲಿ ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳವರೇ ಮೊದಲಾದ ಮಠಾಧೀಶರು ಊರೂರುಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ಸ್ಥಾಪಿಸಿದಾಗ, ದಾಸೋಹದ ಜೊತೆಗೆ ದಾಖಲಾತಿ ಪುಸ್ತಕವೂ ಮಠದೊಳಕ್ಕೆ ಬಂದಿತು. ಈ ಪುಸ್ತಕದ ಅಂಕಣಗಳು ಚಿಕ್ಕವು: ಹೆಸರು, ತಂದೆಯ ಹೆಸರು, ಊರು, ಜನ್ಮದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ. ತಾಯಿಯ ಹೆಸರಿಗೆ ಬಹುಕಾಲ ಅಂಕಣವೇ ಇರಲಿಲ್ಲ. ಜನ್ಮದಿನದ ಅಂಕಣವನ್ನಂತೂ ಸಾವಧಾನದಿಂದ ಓದಬೇಕು. ಊರಿನ ಅರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿದವರೆಂದು ತೋರುತ್ತದೆ. ಅದು ಮುಖ್ಯೋಪಾಧ್ಯಾಯರ ಲೇಖನಿಯ ಮಹಿಮೆ. ಹಾಗಿದ್ದೂ ಬೇರೆ ದಾಖಲೆಯಿಲ್ಲದ ಎಷ್ಟೋ ಜನಕ್ಕೆ ವಯಸ್ಸಿನ ಪ್ರಮಾಣವೆಂದರೆ ಇಂದಿಗೂ ಆ ಸಾಲೇ.

ಹೆಣ್ಣುಮಕ್ಕಳ ಸಾಲುಗಳಲ್ಲಿ ಬಹುವಾಗಿ ಕಾಣುವುದು ಕಡೆಯ ಅಂಕಣದ ಮೌನ. ಬಿಟ್ಟ ಕಾರಣದ ಎದುರು ಒಂದು ಅಡ್ಡಗೆರೆ, ಇಲ್ಲವೇ ಸ್ವಂತ ಇಚ್ಛೆ ಎಂಬ ಎರಡು ಪದ. ಹನ್ನೊಂದು ವರ್ಷದ ಹುಡುಗಿಯ ಸ್ವಂತ ಇಚ್ಛೆ ಎಂಥದೆಂದು ಬರೆದವರಿಗೂ ಗೊತ್ತಿತ್ತು. ಮದುವೆಯೋ, ತಮ್ಮನನ್ನು ಎತ್ತಿಕೊಳ್ಳುವ ಕೆಲಸವೋ, ಮಳೆ ಬಾರದ ವರ್ಷವೋ, ಪುಸ್ತಕದಿಂದ ತಿಳಿಯದು. ಆದರೆ ಅದೇ ವರ್ಷದ ಉಗ್ರಾಣದ ವಹಿಯನ್ನು ಪಕ್ಕದಲ್ಲಿಟ್ಟು ನೋಡಿದರೆ, ಭಕ್ತರಿಂದ ಬಂದ ಜೋಳ ಎಷ್ಟು ಪಲ್ಲ ಇಳಿಯಿತು, ಯಾವ ತಿಂಗಳಲ್ಲಿ ಎಷ್ಟು ಹೆಸರು ಹೊಡೆದುಹೋದವು ಎಂಬುದು ಜೊತೆಜೊತೆಯಾಗಿ ಕಾಣುತ್ತದೆ. ಎರಡು ಪುಸ್ತಕಗಳೂ ಇದ್ದರೆ ಮಾತ್ರ ಇದು ಸಾಧ್ಯ. ಶಾಲೆಗಳು ಸಾಮಾನ್ಯವಾಗಿ ದಾಖಲಾತಿ ಪುಸ್ತಕವನ್ನು ಬೀರುವಿನಲ್ಲಿಟ್ಟು, ಉಗ್ರಾಣದ ವಹಿಗಳನ್ನು ಲೆಕ್ಕತಪಾಸಣೆ ಮುಗಿದೊಡನೆ ರದ್ದಿಗೆ ಹಾಕುತ್ತವೆ. ಕಾಣಿಕೆದಾರರ ಪಟ್ಟಿ ಅಮೃತಶಿಲೆಯಲ್ಲಿ ಕೆತ್ತಲ್ಪಟ್ಟಿರುವುದರಿಂದ ಅದಕ್ಕೆ ಗೆದ್ದಲಿನ ಭಯವಿಲ್ಲ.

ತಾಳೆಗರಿಗಳಿಗೆ ಹಿರಿಯರು ಮಾಡುತ್ತಿದ್ದ ಉಪಚಾರ ಕಾಗದಕ್ಕೂ ಒಪ್ಪುತ್ತದೆ. ನೆಲದಿಂದ ಎತ್ತರದ ಹಲಗೆ, ಗಾಳಿಯಾಡುವ ಕೋಣೆ, ದಟ್ಟಬಟ್ಟೆಯ ಹೊದಿಕೆ, ನಡುವೆ ಬಜೆಬೇರು ಮತ್ತು ಒಣಗಿದ ಬೇವಿನೆಲೆ, ಮಳೆಗಾಲ ಕಳೆದೊಡನೆ ಒಮ್ಮೆ ಬಿಚ್ಚಿ ನೆರಳಿನಲ್ಲಿ ಹರವುವುದು. ಛಾಯಾಪ್ರತಿ ತೆಗೆಸಿಡುವುದು ಈಗ ಸುಲಭವಾಗಿದೆ. ಅಂಕಣಗಳಲ್ಲಿ ಇಲ್ಲದ್ದನ್ನು ತುಂಬುವುದಕ್ಕೆ ಮಾತ್ರ ಸೌತ್ ಹ್ಯಾಡ್ಲಿಯ ಸ್ಮರಣಸಂಘದ ಹಾಗೆ ಹಳೆಯ ವಿದ್ಯಾರ್ಥಿಗಳೇ ಕುಳಿತು ವಿಚಾರಿಸಬೇಕಾಗುತ್ತದೆ. ಪುಸ್ತಕದ ಮೂರನೆಯ ಪುಟದ ಏಳನೆಯ ಹುಡುಗಿ ಯಾರು, ಯಾವ ಊರಿಗೆ ಕೊಟ್ಟರು, ಆಕೆಯ ತಾಯಿಯ ಹೆಸರೇನು ಎಂಬುದನ್ನು ಬಲ್ಲ ಗೆಳತಿಯರು ಇನ್ನೂ ದಾವಣಗೆರೆ ಹರಿಹರಗಳ ಸುತ್ತಮುತ್ತ ಇದ್ದಾರೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಶಾಲೆಗೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ.