ಬೇಲಿಯಾಚೆಯ ಮೈದಾನ, ಪರದೆಯೊಳಗಿನ ತಂಡ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಮೈಸೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳಲ್ಲಿ ಆಟ ಅಂದರೆ ಹಬ್ಬಕ್ಕೆ ಹೊನಲು ಬೆಳಕಿನ ಕಬಡ್ಡಿ, ಸುಗ್ಗಿ ಮುಗಿದ ಹೊಲದಲ್ಲಿ ಟೆನಿಸ್ ಬಾಲ್ ಕ್ರಿಕೆಟ್. ಹೊಗೆಸೊಪ್ಪು ಬ್ಯಾರನ್‌ಗೆ ಏರಿಸಿ ಕಾವಲು ಕೂತ ಹುಡುಗರೂ ಮೊಬೈಲಿನಲ್ಲಿ ನೋಡುವುದು ಐಪಿಎಲ್ಲನ್ನೇ. ಆದರೂ ಸಂತೆಯ ಬಟ್ಟೆ ಅಂಗಡಿಯಲ್ಲಿ ನೇತುಬಿದ್ದ ಬನಿಯನ್ನುಗಳ ಬೆನ್ನು ನೋಡಿ. ಮೆಸ್ಸಿ 10, ರೊನಾಲ್ಡೊ 7. ಮೆಸ್ಸಿ 2023ರಲ್ಲಿ ಅಮೆರಿಕದ ಇಂಟರ್ ಮಿಯಾಮಿ ಸೇರಿದ ಮೇಲೆ ಆ ಕ್ಲಬ್ಬಿನ ಗುಲಾಬಿ ಬಣ್ಣದ ಅಂಗಿಯ ನಕಲೂ ಎಲ್ಲೆಡೆ ಬಂತು. ಅಮೆರಿಕದವರೇ ವೃತ್ತಿಪರ ಫುಟ್‌ಬಾಲಿಗೆ ಒಲಿಯಲು ಬಹಳ ಕಾಲ ಹಿಡಿಯಿತು. ಅವರ ಕ್ಲಬ್ಬಿನ ಅಂಗಿ ನಮ್ಮ ಸಂತೆಗೆ ಬರಲು ಮಾತ್ರ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಫುಟ್‌ಬಾಲ್ ಈ ಸೀಮೆಗೆ ಹೊಸದಲ್ಲ ಎಂಬುದು ಇದರಲ್ಲಿರುವ ತಮಾಷೆ. ಅರವತ್ತು ವರ್ಷಗಳಿಂದ ಅದು ಬೇಲಿಯಾಚೆಗೇ ಇದೆ.

1960ರ ಕೊನೆಗೆ ಮೊದಲ ಟಿಬೆಟನ್ ನಿರಾಶ್ರಿತರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಗೆ ಬಂದಿಳಿದಾಗ ಅದು ಆನೆ ಓಡಾಡುವ ಕಾಡು. ಮೈಸೂರು ಸರ್ಕಾರ ಸುಮಾರು 3,000 ಎಕರೆ ಜಾಗ ಕೊಟ್ಟಿತ್ತು. ಮರ ಕಡಿದು, ಬಿಸಿಲಿಗೆ ಬೆಂದು, ಮುಸುಕಿನ ಜೋಳ ಬೆಳೆಯುವುದನ್ನು ಕಲಿತರು. ಚಳಿಗಾಲ ಬಂದರೆ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೊರಟರು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ನೆಲೆ ಆಯಿತು. ಸುತ್ತಲಿನ ಹಳ್ಳಿಯವರ ಬಾಯಲ್ಲಿ ಇವೆಲ್ಲ ಬರೀ ‘ಕ್ಯಾಂಪ್’. ಕೂಲಿಗೆ, ವ್ಯಾಪಾರಕ್ಕೆ, ಮೊಮೊ ತಿನ್ನಲಿಕ್ಕೆ ಹೋಗಿಬರುವ ಜಾಗ. ಹೋದವರ ಕಣ್ಣಿಗೆ ಶಾಲೆಯ ಬಯಲಲ್ಲಿ ಎರಡು ಗೋಲ್ ಕಂಬಗಳು ಬೀಳುತ್ತಿದ್ದವು. ರಜೆಯ ದಿನ ಎಳೆಯ ಸನ್ಯಾಸಿಗಳೂ ಕೆಂಪು ಬಟ್ಟೆ ಎತ್ತಿಕಟ್ಟಿ ಚೆಂಡಿನ ಹಿಂದೆ ಬೀಳುತ್ತಿದ್ದರು.

ಆ ಸನ್ಯಾಸಿಗಳ ಅಜ್ಜಂದಿರ ಕಾಲದಲ್ಲಿ ಹೀಗಿರಲಿಲ್ಲ. ಟಿಬೆಟ್ಟಿಗೆ ಚೆಂಡು ತಂದವರು ಬ್ರಿಟಿಷರು. 1936ರಲ್ಲಿ ಲಾಸಾಕ್ಕೆ ಹೋದ ಬ್ರಿಟಿಷ್ ನಿಯೋಗ ಅಲ್ಲಿನವರ ಜೊತೆ ಪಂದ್ಯಗಳನ್ನೇ ಆಡಿತ್ತು. ಆದರೆ ಧರ್ಮಗುರುಗಳಿಗೆ ಅದು ಹಿಡಿಸಲಿಲ್ಲ. ಚೆಂಡನ್ನು ಒದೆಯುವುದೂ ಬುದ್ಧನ ತಲೆಯನ್ನು ಒದೆಯುವುದೂ ಒಂದೇ ಎಂಬ ಮಾತು ಹಬ್ಬಿತು. ಪಂದ್ಯ ನಡೆಯುತ್ತಿದ್ದಾಗಲೇ ಆಲಿಕಲ್ಲು ಮಳೆ ಸುರಿದು ಆಟ ನಿಷೇಧವಾಯಿತೆಂದು ಮುಂದೆ ಅಲ್ಲಿ ನೆಲೆಸಿದ್ದ ಆಸ್ಟ್ರಿಯಾದ ಹೈನ್ರಿಶ್ ಹಾರರ್ ಬರೆದಿದ್ದಾನೆ. ಲಾಸಾದಲ್ಲಿ ನಿಷೇಧವಾದ ಆಟ ಕಾವೇರಿ ತೀರದಲ್ಲಿ ಸನ್ಯಾಸಿಗಳ ಕಾಲಿಗೇ ಹತ್ತಿಕೊಂಡಿತು ನೋಡಿ. ಆಲಿಕಲ್ಲು ಇಲ್ಲಿಯೂ ಬೀಳುತ್ತದೆ, ಹೊಗೆಸೊಪ್ಪನ್ನು ಹಾಳುಮಾಡುತ್ತದೆ. ಅದಕ್ಕೆ ಫುಟ್‌ಬಾಲನ್ನು ಯಾರೂ ಬೈದಿಲ್ಲ.

1981ರಲ್ಲಿ ದಲೈ ಲಾಮಾ ಅವರ ತಾಯಿ ತೀರಿಕೊಂಡರು. ಅವರ ನೆನಪಿಗೆ ಶುರುವಾದ ಗ್ಯಾಲ್ಯುಮ್ ಚೆನ್ಮೊ ಸ್ಮಾರಕ ಗೋಲ್ಡ್ ಕಪ್ ಇವತ್ತಿಗೂ ಟಿಬೆಟನ್ನರ ಅತಿ ದೊಡ್ಡ ಟೂರ್ನಿ. ಮುಂಡಗೋಡು, ಬೈಲಕುಪ್ಪೆ, ಡೆಹ್ರಾಡೂನ್, ನೇಪಾಳ ಅಂತ ಒಂದೊಂದು ನೆಲೆಯೂ ತನ್ನ ತಂಡ ಕಟ್ಟಿಕೊಂಡು ಬರುತ್ತದೆ. ಬೈಲಕುಪ್ಪೆಯಲ್ಲಿ ಟೂರ್ನಿ ನಡೆದಾಗ ಮೈದಾನದ ಸುತ್ತ ಅಜ್ಜಿಯರು ಜಪಸರ ಎಣಿಸುತ್ತ ಕೂತು ರೆಫರಿಯನ್ನು ಬೈಯುವುದು ಆಟದಷ್ಟೇ ಚೆನ್ನ. ಊರು ಕಳೆದುಕೊಂಡವರಿಗೆ ಊರಿನ ಹೆಸರಿನ ತಂಡ ಎಷ್ಟು ಮುಖ್ಯ ಎಂಬುದು ಅಲ್ಲಿ ತಿಳಿಯುತ್ತದೆ.

ಮುಂದೆ ಅವರು ದೇಶದ ಹೆಸರಿನಲ್ಲೂ ತಂಡ ಕಟ್ಟಿದರು. ಮೈಕೆಲ್ ನೀಬ್ರಾಂಟ್ ಎಂಬ ಡೆನ್ಮಾರ್ಕಿನ ತರುಣ ಟಿಬೆಟ್ಟಿನಲ್ಲಿ ಸೈಕಲ್ ತುಳಿದು ಬಂದವನು, ಈ ಹುಚ್ಚು ಹಚ್ಚಿಕೊಂಡ. 2001ರ ಜೂನ್ 30ರಂದು ಕೋಪನ್‌ಹೇಗನ್‌ನಲ್ಲಿ ಟಿಬೆಟ್ ತಂಡ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿತು. ಫಿಫಾ ಒಪ್ಪಿಗೆ ಇರಲಿಲ್ಲ. ಆಟವಾಡಿದರೆ ಗ್ರೀನ್‌ಲ್ಯಾಂಡಿನ ಸೀಗಡಿ ಕೊಳ್ಳುವುದಿಲ್ಲ ಎಂಬ ಬೆದರಿಕೆ ಚೀನಾದ ಕಡೆಯಿಂದ ಬಂತು. ಆಟಗಾರರಲ್ಲಿ ಪಾಸ್‌ಪೋರ್ಟ್ ಇಲ್ಲದೆ ಭಾರತ ಸರ್ಕಾರ ಕೊಟ್ಟ ಗುರುತಿನ ಪತ್ರ ಹಿಡಿದು ವಿಮಾನ ಹತ್ತಿದವರಿದ್ದರು. 4–1ರಿಂದ ಸೋತರು. ಆದರೆ ಸಾವಿರಾರು ಜನರ ಮುಂದೆ ತಮ್ಮ ಬಾವುಟ ಹಾರಿಸಿದರು. 2018ರಲ್ಲಿ ಲಂಡನ್ನಿನಲ್ಲಿ, ಫಿಫಾ ಒಪ್ಪದ ನಾಡುಗಳಿಗಾಗಿಯೇ ಕೋನಿಫಾ ನಡೆಸಿದ ವಿಶ್ವಕಪ್ಪಿನಲ್ಲೂ ಆಡಿದರು. ಅಲ್ಲಿಯೂ ಗೆಲುವಿಗಿಂತ ಸೋಲೇ ಹೆಚ್ಚು. ಅಭಿಮಾನಿಗಳು ಕಡಿಮೆಯಾದರೇ? ಇಲ್ಲ.

ಬೇಲಿಯ ಈಚೆಗಿದ್ದ ನಮಗೆ ಇದ್ಯಾವುದೂ ತಾಗಲಿಲ್ಲ. ಕ್ಯಾಂಪಿನ ಆಟ ಕ್ಯಾಂಪಿನದಾಗಿಯೇ ಉಳಿಯಿತು. ಹೊಳೆ ದಾಟಿದರೆ ಕೊಡಗು, ಅದು ಹಾಕಿಯ ನಾಡು; ಆದರೂ ಸುಂಟಿಕೊಪ್ಪದಲ್ಲಿ ಗೋಲ್ಡ್ ಕಪ್ ಫುಟ್‌ಬಾಲ್ ನಡೆಯುತ್ತ ಬಂದಿದೆ. ಎಚ್.ಡಿ. ಕೋಟೆಯಿಂದ ಬಾವಲಿ ದಾಟಿದರೆ ವಯನಾಡು. ಕೇರಳದ ಮಲಬಾರಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ತಾತ್ಕಾಲಿಕ ಗ್ಯಾಲರಿ ಕಟ್ಟಿ, ಟಿಕೆಟ್ ಹಚ್ಚಿ, ಆಫ್ರಿಕಾದಿಂದ ಆಟಗಾರರನ್ನು ಸಂಬಳಕ್ಕೆ ಕರೆಸಿ ‘ಸೆವೆನ್ಸ್’ ಆಡಿಸುತ್ತಾರೆ. ‘ಸುಡಾನಿ ಫ್ರಮ್ ನೈಜೀರಿಯಾ’ ಎಂಬ 2018ರ ಮಲಯಾಳಂ ಸಿನಿಮಾದ ಕಥೆ ಇದೇ. ನಿಜ ಹೇಳಬೇಕೆಂದರೆ ನಮ್ಮ ಈ ಸೀಮೆಗೆ ಅತಿ ಹತ್ತಿರದ ವೃತ್ತಿಪರ ಫುಟ್‌ಬಾಲ್ ಬೆಂಗಳೂರಿನದಲ್ಲ, ಘಟ್ಟದಾಚೆಯ ಈ ಏಳು ಜನರ ಆಟ. ಶುಂಠಿ ಬೆಳೆಯಲು ಇಲ್ಲಿ ಜಮೀನು ಗುತ್ತಿಗೆ ಹಿಡಿದ ಮಲಯಾಳಿಗಳನ್ನು ಮಾತಿಗೆಳೆದರೆ ಶುಂಠಿ ರೇಟಿನಿಂದ ಶುರುವಾಗಿ ಅರ್ಜೆಂಟೀನಾ–ಬ್ರೆಜಿಲ್‌ಗೆ ಬಂದು ನಿಲ್ಲುತ್ತಾರೆ.

ನಮಗೆ ಫುಟ್‌ಬಾಲ್ ಬಂದದ್ದು ದೂರದರ್ಶನದಿಂದ. 1986ರ ಜೂನ್ 22, ಮೆಕ್ಸಿಕೊ ಸಿಟಿಯಲ್ಲಿ ನಡುಮಧ್ಯಾಹ್ನ. ಇಲ್ಲಿ ರಾತ್ರಿ ಹನ್ನೊಂದೂವರೆ. ವಿಶ್ವಕಪ್ಪಿನಲ್ಲಿ ಅರ್ಜೆಂಟೀನಾ–ಇಂಗ್ಲೆಂಡ್. ಮರಡೋನಾ ಕೈಯಿಂದ ಒಂದು ಗೋಲು ಹಾಕಿ, ನಾಲ್ಕು ನಿಮಿಷ ಬಿಟ್ಟು ಅರ್ಧ ಇಂಗ್ಲೆಂಡ್ ತಂಡವನ್ನು ದಾಟಿ ಇನ್ನೊಂದು ಹಾಕುವಷ್ಟರಲ್ಲಿ ಭಾರತದ ಕ್ಯಾಲೆಂಡರಿನಲ್ಲಿ ತಾರೀಕು ಬದಲಾಗಿತ್ತು. ಆಗ ಟಿವಿ ಇದ್ದ ಮನೆ ಊರಿಗೆ ಒಂದೋ ಎರಡೋ. ಆಂಟೆನಾ ತಿರುಗಿಸಲು ಒಬ್ಬ ಮಾಡಿನ ಮೇಲೆ. ಅವನಿಗೆ ಕೂಗಿ ಹೇಳಿದ ಆಟವೇ ಹೆಚ್ಚು, ಅವನು ನೋಡಿದ್ದು ಏನೂ ಇಲ್ಲ. ಆಫ್‌ಸೈಡ್ ಎಂದರೇನು ಎಂದು ಗೊತ್ತಿಲ್ಲದವರೂ ಆ ಕುಳ್ಳನ ಕಾಲನ್ನು ಮರೆಯಲಿಲ್ಲ. ಅಭಿಮಾನ ಎಂದರೆ ಅಷ್ಟೇ ಆಗಿತ್ತು: ಒಬ್ಬ ಮನುಷ್ಯ. ಅವನ ಕ್ಲಬ್ಬೂ ಗೊತ್ತಿಲ್ಲ, ಲೀಗೂ ಗೊತ್ತಿಲ್ಲ. ರಾಜ್‌ಕುಮಾರ್ ಸಿನಿಮಾ ನೋಡಿ ಬಂದವರಿಗೆ ನಾಯಕನೊಬ್ಬನಿದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂಬುದು ಗೊತ್ತಿತ್ತಲ್ಲ.

ಅಮೆರಿಕದವರ ಕಥೆಯೂ ಶುರುವಾಗುವುದು ಒಬ್ಬ ಮನುಷ್ಯನಿಂದಲೇ. 1968ರಲ್ಲಿ ಹುಟ್ಟಿದ ಅವರ ವೃತ್ತಿಪರ ಲೀಗನ್ನು ಕೇಳುವವರಿರಲಿಲ್ಲ. 1975ರಲ್ಲಿ ನ್ಯೂಯಾರ್ಕ್ ಕಾಸ್ಮಾಸ್ ಕ್ಲಬ್ ಪೆಲೆಯನ್ನು ಕರೆತಂದಿತು. ಎರಡು ವರ್ಷ ಬಿಟ್ಟು ಬೆಕೆನ್‌ಬಾವರ್ ಬಂದ. ಕ್ಲಬ್ಬಿನ ಒಡೆತನ ವಾರ್ನರ್ ಎಂಬ ಸಿನಿಮಾ–ಸಂಗೀತ ಕಂಪನಿಯದು. ಫುಟ್‌ಬಾಲನ್ನು ಅದು ಮಾರಿದ್ದೂ ಸಿನಿಮಾ ಮಾರಿದಂತೆಯೇ. 1977ರ ಆಗಸ್ಟ್ 14ರಂದು ಜೈಂಟ್ಸ್ ಸ್ಟೇಡಿಯಂಗೆ 77,691 ಜನ ಬಂದರು. ಅದೇ ಸೆಪ್ಟೆಂಬರ್ 24ರಂದು ಕಾಸ್ಮಾಸ್ ಕೋಲ್ಕತ್ತಕ್ಕೆ ಬಂದು ಈಡನ್ ಗಾರ್ಡನ್‌ನ ಕೆಸರಿನಲ್ಲಿ ಮೋಹನ್ ಬಾಗಾನ್ ಜೊತೆ 2–2 ಸಮ ಮಾಡಿಕೊಂಡು ಹೋಯಿತು. ಒಂದು ವಾರದಲ್ಲಿ ಪೆಲೆ ಕೊನೆಯ ಪಂದ್ಯ ಆಡಿ ಬೂಟು ಬಿಚ್ಚಿದ. ಕಾಸ್ಮಾಸ್‌ಗೆ ಸ್ವಲ್ಪ ಕಾಲ ಜನ ಬಂದರು, ಮತ್ತೆ ಕರಗಿದರು. 1984ರ ಆಟ ಮುಗಿದ ಮೇಲೆ ಲೀಗೇ ಬಾಗಿಲು ಹಾಕಿತು. ದುಡ್ಡು ಸುರಿದು ತಂದ ನಾಯಕ ಹೋದರೆ ಥಿಯೇಟರ್ ಖಾಲಿ.

ಆದರೆ ಒಂದು ಉಳಿಯಿತು. ಮಕ್ಕಳು ಆಡುವುದನ್ನು ಬಿಡಲಿಲ್ಲ. ವಲಸೆ ಬಂದ ಮೆಕ್ಸಿಕೊ, ಮಧ್ಯ ಅಮೆರಿಕದ ಜನರಿಗೆ ಆ ಆಟ ಮನೆಯದೇ ಆಗಿತ್ತು. 1994ರ ವಿಶ್ವಕಪ್ ಅಲ್ಲಿ ನಡೆದಾಗ ಒಟ್ಟು 35 ಲಕ್ಷಕ್ಕೂ ಹೆಚ್ಚು ಟಿಕೆಟ್ ಹರಿದವು. ವಿಶ್ವಕಪ್ ಪಡೆಯುವಾಗ ಹೊಸ ವೃತ್ತಿಪರ ಲೀಗ್ ಶುರುಮಾಡುತ್ತೇವೆಂದು ಮಾತು ಕೊಟ್ಟಿದ್ದರು. 1996ರಲ್ಲಿ 10 ತಂಡಗಳ ಮೇಜರ್ ಲೀಗ್ ಸಾಕರ್ ಬಂತು. 1999ರಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್‌ಗೆ 90,185 ಜನ ಕೂತಿದ್ದರು. ಈಗ ಅಲ್ಲಿ ನೆಲೆಸಿದ ನಮ್ಮ ಕನ್ನಡದ ಅಪ್ಪ–ಅಮ್ಮಂದಿರು ಶನಿವಾರ ಬೆಳಿಗ್ಗೆ ಮಕ್ಕಳ ಬೂಟಿನ ಚೀಲ ಹೊತ್ತು ಪಾರ್ಕಿಗೆ ಓಡುವುದೂ ಈ ಕಥೆಯ ಭಾಗವೇ. ಮೊಮ್ಮಕ್ಕಳನ್ನು ನೋಡಲು ಮೈಸೂರಿನಿಂದ ಹೋದ ಅಜ್ಜಂದಿರು ಚಳಿಗೆ ಮಂಕಿ ಕ್ಯಾಪ್ ಹಾಕಿ ಗೆರೆಯ ಪಕ್ಕ ನಿಂತು ಫುಟ್‌ಬಾಲ್ ಕಲಿಯುತ್ತಾರೆ.

ಅಮೆರಿಕದಿಂದ ಬೈಲಕುಪ್ಪೆಯವರ ಕಡೆಗೂ ಒಂದು ದಾರಿ ಬಂತು. ನ್ಯೂಜೆರ್ಸಿಯ ಕ್ಯಾಸಿ ಚೈಲ್ಡರ್ಸ್ ಎಂಬಾಕೆ ಭಾರತದ ಟಿಬೆಟನ್ ಹುಡುಗಿಯರಿಗಾಗಿ ಫುಟ್‌ಬಾಲ್ ತಂಡ ಕಟ್ಟಿದರು. ಅಲ್ಲಿಯವರೆಗೆ ಗಂಡಸರ ಟೂರ್ನಿಗೆ ಚಹಾ ಕಾಯಿಸಿ ಕೊಡುವುದು, ಚಪ್ಪಾಳೆ ತಟ್ಟುವುದು ಹೆಂಗಸರ ಪಾಲಿನದಾಗಿತ್ತು. 2017ರಲ್ಲಿ ಈ ಹುಡುಗಿಯರಿಗೆ ಟೆಕ್ಸಾಸ್‌ನ ಡಲ್ಲಾಸ್ ಕಪ್‌ಗೆ ಕರೆ ಬಂತು. ದೆಹಲಿಯ ಅಮೆರಿಕ ರಾಯಭಾರ ಕಚೇರಿ ವೀಸಾ ಕೊಡಲಿಲ್ಲ. ಆಟಕ್ಕೆ ಒಲಿದ ದೇಶ ಆಟಗಾರ್ತಿಯರನ್ನು ಬಾಗಿಲಲ್ಲೇ ತಡೆದದ್ದು ಹೀಗೆ.

ಈಗ ನಮ್ಮ ರಾಜ್ಯಕ್ಕೆ ಬರೋಣ. ಮೈಸೂರು ಎಂಬ ಹೆಸರು ಒಂದು ಕಾಲಕ್ಕೆ ಭಾರತದ ಫುಟ್‌ಬಾಲಿನಲ್ಲಿ ದೊಡ್ಡದು. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು, 1948ರ ಜುಲೈ 31ರಂದು ಲಂಡನ್ನಿನಲ್ಲಿ ಫ್ರಾನ್ಸ್ ವಿರುದ್ಧ, ಬಂದದ್ದು ಮೈಸೂರು ರಾಜ್ಯದ ಆಟಗಾರ ಸಾರಂಗಪಾಣಿ ರಾಮನ್ ಕಾಲಿನಿಂದ. ಆ ತಂಡದ ಹೆಚ್ಚಿನವರು ಬರಿಗಾಲಲ್ಲೇ ಆಡಿದ್ದರು. ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ಮೈಸೂರು ನಾಲ್ಕು ಸಲ ಗೆದ್ದಿತು, ನಾಲ್ಕು ಸಲವೂ ಫೈನಲಿನಲ್ಲಿ ಎದುರಾಳಿ ಬಂಗಾಳ. ಆದರೆ ‘ಮೈಸೂರು’ ಎಂದರೆ ಅಲ್ಲಿ ಬೆಂಗಳೂರೇ: ಆಸ್ಟಿನ್ ಟೌನ್, ಗೌತಮಪುರ, ದಂಡಿನ ಸುತ್ತಲಿನ ಬೀದಿಗಳು. ಹುಣಸೂರಿನವರಿಗೆ ಆ ಗೆಲುವು ಪತ್ರಿಕೆಯ ಒಂದು ಮೂಲೆ. 1968–69ರ ನಂತರ 54 ವರ್ಷ ಕಾದು, 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ ಕರ್ನಾಟಕ ಮತ್ತೆ ಟ್ರೋಫಿ ತಂದಿತು. ಮೆಸ್ಸಿ ಅಂಗಿ ತೊಟ್ಟ ಹುಡುಗನನ್ನು ನಿಲ್ಲಿಸಿ ಆ ತಂಡದ ಒಬ್ಬನ ಹೆಸರು ಹೇಳು ಎಂದು ಕೇಳಿ ನೋಡಿ. ಹುಡುಗನೇಕೆ, ಕ್ರೀಡಾಪುಟ ತಪ್ಪದೆ ಓದುವ ಹಿರಿಯರನ್ನೂ ಕೇಳಿ.

ಹುಡುಗನದು ತಪ್ಪಲ್ಲ. ಆಟ ಚೆನ್ನಾಗಿದ್ದರೆ ಜನ ನೋಡುತ್ತಾರೆ. ‘ನಮ್ಮದು’ ಎನಿಸಿದರೆ ಮಾತ್ರ ಸೋತಾಗಲೂ ಬರುತ್ತಾರೆ. ಕೋಪನ್‌ಹೇಗನ್‌ನಲ್ಲಿ ಸೋತವರನ್ನು ಬೈಲಕುಪ್ಪೆ ಬಿಡಲಿಲ್ಲ, ಪೆಲೆ ಹೋದ ಕೆಲವು ವರ್ಷಗಳಲ್ಲೇ ಕಾಸ್ಮಾಸನ್ನು ನ್ಯೂಯಾರ್ಕ್ ಬಿಟ್ಟಿತು. ಬೆಂಗಳೂರು ಎಫ್‌ಸಿ ಈ ಗುಟ್ಟನ್ನು ಬೇಗ ಹಿಡಿಯಿತು. 2013ರಲ್ಲಿ ಹುಟ್ಟಿದ ಕ್ಲಬ್ ಮೊದಲ ವರ್ಷವೇ ಐ–ಲೀಗ್ ಗೆದ್ದಿತು. ಮೊದಲ ದಿನಗಳಿಂದಲೇ ‘ವೆಸ್ಟ್ ಬ್ಲಾಕ್ ಬ್ಲೂಸ್’ ಎಂಬ ಗುಂಪು ಗ್ಯಾಲರಿಯ ಪಶ್ಚಿಮದ ಮೂಲೆ ಹಿಡಿದು, ತೊಂಬತ್ತು ನಿಮಿಷ ಕೂರದೆ ಕೂಗುತ್ತಿತ್ತು. 2016ರ ಅಕ್ಟೋಬರ್‌ನಲ್ಲಿ ಕಂಠೀರವ ಕ್ರೀಡಾಂಗಣದಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಸೋಲಿಸಿ ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್ ಫೈನಲ್ ಮುಟ್ಟಿದ ಮೊದಲ ಭಾರತೀಯ ಕ್ಲಬ್ ಆಯಿತು. ಎರಡು ಗೋಲು ಸುನಿಲ್ ಚೆಟ್ರಿಯವು. ಫೈನಲ್‌ನಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್‌ಗೆ 1–0ರಿಂದ ಸೋತಿತು. 2019ರಲ್ಲಿ ಹೆಚ್ಚುವರಿ ಅವಧಿಯಲ್ಲಿ ರಾಹುಲ್ ಭೇಕೆ ತಲೆಯಿಂದ ಹಾಕಿದ ಗೋಲಿನಲ್ಲಿ ಗೋವಾವನ್ನು ಮಣಿಸಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ಪನ್ನೂ ಎತ್ತಿತು.

ಇಷ್ಟಾದರೂ ಅದು ಬೆಂಗಳೂರಿನ ಕ್ಲಬ್. ಐಎಸ್‌ಎಲ್ ಪಂದ್ಯ ಸಾಮಾನ್ಯವಾಗಿ ಶುರುವಾಗುವುದು ಸಂಜೆ ಏಳೂವರೆಗೆ, ಮುಗಿಯುವಾಗ ಒಂಬತ್ತೂಕಾಲು ದಾಟಿರುತ್ತದೆ. ಕಂಠೀರವದಿಂದ ಮೆಜೆಸ್ಟಿಕ್, ಮೆಜೆಸ್ಟಿಕ್‌ನಿಂದ ಮೈಸೂರು, ಮೈಸೂರಿನಿಂದ ಹುಣಸೂರಿಗೋ ಕೋಟೆಗೋ ಬಸ್ಸು ಹಿಡಿಯಬೇಕಾದವನು ಮಾರನೆಯ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಮನೆ ಸೇರಿಯಾನು. ಮೈಸೂರಿನಲ್ಲಿ ವರ್ಷಕ್ಕೆರಡು ಪಂದ್ಯವಾದರೂ ಆಡಿಸಿದರೆ ಈ ಕಡೆಯಿಂದ ಟೆಂಪೊ ಮಾಡಿಕೊಂಡು ಬರುವ ಹುಡುಗರಿಗೇನೂ ಕೊರತೆಯಿಲ್ಲ. ದಸರಾ ಕುಸ್ತಿಗೆ ಬರುವುದಿಲ್ಲವೇ? ಅಲ್ಲಿಯವರೆಗೆ ಪಿರಿಯಾಪಟ್ಟಣದವರಿಗೆ ಫುಟ್‌ಬಾಲನ್ನು ಕಣ್ಣಾರೆ ನೋಡಬೇಕೆಂದರೆ ಕ್ಯಾಂಪಿನ ಮೈದಾನವಿದೆ. ಬಸ್ ಚಾರ್ಜ್ ಬಿಟ್ಟರೆ ಖರ್ಚು ಒಂದು ಪ್ಲೇಟ್ ಮೊಮೊದು.